ಮಲಪ್ರಭೆಯ ದಡದಲ್ಲಿ ಮೂರು ದಿನ: ಸೈಕಲ್ ಮತ್ತು ಕಾಲ್ನಡಿಗೆಯ ನನ್ನ ಅನುಭವ

ಬಾದಾಮಿ, ಪಟ್ಟದಕಲ್ಲು ಮತ್ತು ಐಹೊಳೆಗಳನ್ನು ನಾನು ಈ ಪಯಣಕ್ಕೆ ಮುಂಚೆ ನಾಲ್ಕು ಸಲ ಕಾರಿನಲ್ಲಿ ಹೋಗಿ ನೋಡಿದ್ದೆ. ಕಾಲೇಜಿನಲ್ಲಿ ಇತಿಹಾಸ ಬೋಧಿಸುವವನಾದ್ದರಿಂದ ಯಾವ ಗುಡಿಯನ್ನು ಯಾರು ಕಟ್ಟಿಸಿದರು, ಯಾವ ಶಾಸನದಲ್ಲಿ ಏನಿದೆ ಎಂಬುದನ್ನು ಪುಸ್ತಕ ತೆರೆಯದೆಯೇ ಹೇಳಬಲ್ಲೆ. ಆದರೆ ಪಟ್ಟದಕಲ್ಲಿನಲ್ಲಿ ಮಲಪ್ರಭಾ ಹೊಳೆ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಕಾರು ನನ್ನನ್ನು ಒಂದು ಗುಡಿಯ ಬಾಗಿಲಿನಿಂದ ಇನ್ನೊಂದು ಗುಡಿಯ ಬಾಗಿಲಿಗೆ ಒಯ್ದಿತ್ತೇ ಹೊರತು, ನಡುವಿನ ನೆಲವನ್ನು ತೋರಿಸಿರಲಿಲ್ಲ. ಆ ನೆಲವನ್ನು ನೋಡಬೇಕೆಂದೇ ಸಂಕ್ರಾಂತಿಗೆ ಮುಂಚಿನ ಮೂರು ದಿನ ಬಿಡುವು ಮಾಡಿಕೊಂಡು, ಭೂವಿಜ್ಞಾನ ಬೋಧಿಸುವ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೊರಟೆ.

ಧಾರವಾಡದಿಂದ ಬಾದಾಮಿಯವರೆಗೆ ಪೆಡಲ್ ತುಳಿದೇ ಹೋಗಬಹುದಾಗಿತ್ತು. ಆದರೆ ಹೆದ್ದಾರಿಯ ಲಾರಿಗಳ ಪಕ್ಕದಲ್ಲಿ ಒಂದು ಇಡೀ ದಿನವನ್ನು ಕಳೆಯುವುದಕ್ಕಿಂತ, ಆ ದಿನವನ್ನು ಗುಡ್ಡಗಳ ನಡುವೆ ಕಳೆಯುವುದು ಲೇಸೆಂದು ಹುಬ್ಬಳ್ಳಿಯಿಂದ ಗದಗದ ಮಾರ್ಗವಾಗಿ ರೈಲಿನಲ್ಲಿ ಹೋದೆವು. ಸೈಕಲ್‌ಗಳನ್ನು ಅದೇ ರೈಲಿನ ಲಗೇಜ್ ಡಬ್ಬಿಗೆ ಬುಕ್ ಮಾಡಿಸಿದೆವು. ಇದಕ್ಕೆ ರೈಲು ಹೊರಡುವುದಕ್ಕೆ ಸಾಕಷ್ಟು ಮುಂಚೆಯೇ ನಿಲ್ದಾಣದಲ್ಲಿರಬೇಕು; ಪಂಪು, ದೀಪ, ನೀರಿನ ಬಾಟಲಿಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಬೇಕು; ಗೇರಿನ ಭಾಗಕ್ಕೆ ಗೋಣಿತಾಟು ಸುತ್ತಿ ಬಿಗಿಯಾಗಿ ಕಟ್ಟಬೇಕು. ಬಾದಾಮಿಯ ರೈಲು ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿರುವುದರಿಂದ, ಇಳಿದ ಕೂಡಲೇ ಸೈಕಲ್ ಹತ್ತಿದೆವು. ಬಯಲಿನ ಅಂಚಿನಲ್ಲಿ ಕೆಂಪು ಬಂಡೆಗಳ ಸಾಲು ಮೊದಲು ಒಂದು ಗೆರೆಯಾಗಿ ಕಂಡು, ನಿಧಾನವಾಗಿ ಎತ್ತರವಾಗುತ್ತ ಕಡೆಗೆ ಊರನ್ನೇ ಬಗಲಲ್ಲಿ ಇಟ್ಟುಕೊಂಡು ನಿಂತದ್ದನ್ನು ನಾನು ಅಂದೇ ಮೊದಲು ನೋಡಿದೆ. ಚಾಲುಕ್ಯ ದೊರೆ ಒಂದನೆಯ ಪುಲಕೇಶಿ ಶಕ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಈ ಬೆಟ್ಟವನ್ನು ದುರ್ಗವನ್ನಾಗಿಸಿದನೆಂದು ಬಂಡೆಯ ಮೇಲಿನ ಶಾಸನ ಹೇಳುತ್ತದೆ. ಈ ಜಾಗವೇ ಏಕೆ ಎಂಬ ಪ್ರಶ್ನೆಗೆ ಆ ಐದು ಕಿಲೋಮೀಟರಿನಲ್ಲಿಯೇ ಅರ್ಧ ಉತ್ತರ ದೊರೆಯಿತು.

ಮೊದಲ ಬೆಳಗು ಸೈಕಲ್‌ಗಳನ್ನು ವಸತಿಗೃಹದಲ್ಲಿ ಬಿಟ್ಟು ಮಹಾಕೂಟಕ್ಕೆ ನಡೆದು ಹೊರಟೆವು. ರಸ್ತೆಯಲ್ಲಿ ಹೋದರೆ ಗುಡ್ಡಗಳನ್ನು ಬಳಸಿಕೊಂಡು ದೂರ ಸುತ್ತಬೇಕು. ಗುಡ್ಡದ ಮೇಲಿನ ಹಳೆಯ ಕಾಲುದಾರಿ ಅದರ ಅರ್ಧದಷ್ಟೂ ಇಲ್ಲ. ಬಾದಾಮಿಯ ಕೆರೆಯಾದ ಅಗಸ್ತ್ಯ ತೀರ್ಥದ ದಂಡೆ ಹಿಡಿದು, ತಟ್ಟುಕೋಟೆಯ ಬದಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ಮೊದಲು ನೋಡಿದೆವು. ಸುಮಾರು ಕ್ರಿ.ಶ. 700ರ ಈ ಬರಹದಲ್ಲಿ ಕನ್ನಡದ ತ್ರಿಪದಿ ಇದೆ. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ' ಎಂಬ ಸಾಲನ್ನು ನೂರಾರು ಸಲ ಪಾಠ ಹೇಳಿದ್ದ ನಾನು, ಎಳೆಬಿಸಿಲಿನಲ್ಲಿ ಆ ಅಕ್ಷರಗಳ ಕೆಳಗೆ ನಿಂತಾಗ ಕೆಲ ಹೊತ್ತು ಮಾತಾಡಲಾಗಲಿಲ್ಲ.

ಮೇಲೆ ಹತ್ತಿದ ಮೇಲೆ ದಾರಿ ಹಲವು ಕವಲುಗಳಾಗಿ ಒಡೆಯುತ್ತದೆ. ಮೊಬೈಲಿನ ನಕ್ಷೆಯಲ್ಲಿ ಕಂಡ ಗೆರೆಯನ್ನು ನಂಬಿ ಒಂದು ಕೊಳ್ಳಕ್ಕೆ ಇಳಿದು, ಮುಂದೆ ದಾರಿಯಿಲ್ಲದೆ ಮರಳಿ ಹತ್ತಿಬಂದೆವು. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ದೂರದಿಂದ ಇದನ್ನು ನೋಡಿದ್ದರು. "ಸವದ ಕಲ್ಲ ನೋಡಕೋತ ಹೋಗ್ರಿ, ಮಂದಿ ನಡದ ದಾರಿ ಅಂದ್ರ ಕಲ್ಲ ನುಣ್ಣಗ ಇರ್ತಾವು" ಎಂದರು. ಅಲ್ಲಿಂದ ಮುಂದೆ ನಾವು ನಕ್ಷೆಯನ್ನು ನೋಡಲಿಲ್ಲ. ಜಾತ್ರೆಗೆ, ಹರಕೆಗೆ ಹೋದವರ ಪಾದಗಳಿಂದ ನಯವಾದ ಕಲ್ಲುಗಳು ಸುತ್ತಲಿನ ಒರಟು ಬಂಡೆಗಳ ನಡುವೆ ಬೆಳಗಿನ ಓರೆಬಿಸಿಲಿಗೆ ಸ್ಪಷ್ಟವಾಗಿ ಹೊಳೆಯುತ್ತಿದ್ದವು.

ಗೆಳೆಯ ಒಂದು ಕಡೆ ಕುಕ್ಕರುಗಾಲಿನಲ್ಲಿ ಕುಳಿತು ನನ್ನನ್ನೂ ಕೂರಿಸಿದ. ಕಾಲ ಕೆಳಗಿನ ಚಪ್ಪಡಿಯ ಮೇಲೆ ಬೆರಳಗಲದ ಏರುತಗ್ಗುಗಳು ಸಾಲುಸಾಲಾಗಿ ಮೂಡಿದ್ದವು. ಹೊಳೆಯ ಅಂಚಿನ ಮರಳಿನಲ್ಲಿ ಕಿರಿಯಲೆಗಳು ಬಿಟ್ಟು ಹೋಗುವ ಗುರುತು ಹೇಗಿರುತ್ತದೆಯೋ ಹಾಗೆಯೇ. ಆಳವಲ್ಲದ ನೀರಿನ ತಳದಲ್ಲಿ ಮರಳು ಹೀಗೆ ಅಲೆಗಟ್ಟಿ, ಅದರ ಮೇಲೆ ಮತ್ತೆ ಮರಳು ಬಿದ್ದು, ಕೋಟ್ಯಂತರ ವರ್ಷಗಳಲ್ಲಿ ಕಲ್ಲಾದದ್ದೇ ಈ ಗುಡ್ಡವೆಂದು ಅವನು ವಿವರಿಸಿದ. ಪದರಪದರವಾಗಿ ಬಿಡಿಸಿಕೊಳ್ಳುವ, ಉಳಿಗೆ ಒಲಿಯುವ ಈ ಮರಳುಗಲ್ಲು ಇರದಿದ್ದರೆ ಚಾಲುಕ್ಯರ ಶಿಲ್ಪಿಗಳ ಕೈಗೆ ಅಷ್ಟು ಸಲಿಗೆ ಬರುತ್ತಿರಲಿಲ್ಲವೆಂದು ನನಗೆ ಅನ್ನಿಸಿತು. ಒಣಗಿದಾಗ ಈ ಕಲ್ಲು ಬೂಟಿನ ಅಟ್ಟೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಪಾಚಿ ಕಟ್ಟಿದ ಇಳಿಜಾರು ಮಳೆಗಾಲದಲ್ಲಿ ಅಪಾಯಕಾರಿಯಾದ್ದರಿಂದ, ಈ ನಡಿಗೆಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವನ್ನೇ ಆರಿಸಿಕೊಳ್ಳಬೇಕು.

ಎರಡು ಗಂಟೆ ನಡೆದ ಮೇಲೆ ಹಸಿರು ಮರಗಳ ಗುಂಪೊಂದು ತಗ್ಗಿನಲ್ಲಿ ಕಂಡಿತು. ಒಣಗುಡ್ಡಗಳ ನಡುವೆ ಅದೊಂದೇ ಹಸಿರು. ಮಹಾಕೂಟದ ಕೊಳಕ್ಕೆ ನೀರು ಬುಗ್ಗೆಯಿಂದ ಬರುತ್ತದೆ, ಕೊಳದ ನಡುವಿನ ಪುಟ್ಟ ಮಂಟಪದಲ್ಲಿ ಮುಖಗಳನ್ನು ಕೆತ್ತಿದ ಲಿಂಗವಿದೆ, ಸುತ್ತಲೂ ಗುಡಿಗಳಿವೆ. ಚಾಲುಕ್ಯ ದೊರೆ ಮಂಗಳೇಶನ ಶಾಸನವಿದ್ದ ಇಲ್ಲಿನ ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಕಾರಿನಲ್ಲಿ ಬಂದಾಗ ಈ ಕೊಳವನ್ನು ಗುಡಿಯ ಒಂದು ಭಾಗವೆಂದಷ್ಟೇ ಕಂಡಿದ್ದೆ. ಬಾಟಲಿಯ ನೀರು ಮುಗಿದು, ಗಂಟಲು ಒಣಗಿಸಿಕೊಂಡು ನಡೆದು ಬಂದು ಮೆಟ್ಟಿಲ ಮೇಲೆ ಕುಳಿತು ಮುಖ ತೊಳೆದಾಗ, ನೀರಿದೆಯೆಂದೇ ಇಲ್ಲಿ ಗುಡಿಗಳಾದವು ಎಂಬುದು ಮನಸ್ಸಿಗೆ ನಾಟಿತು. ನಾವು ತಲಾ ಒಂದು ಲೀಟರ್ ನೀರು ಮಾತ್ರ ತಂದಿದ್ದೆವು, ಅದು ಸಾಲದು; ಚಳಿಗಾಲದಲ್ಲಿಯೂ ಎರಡು ಲೀಟರ್ ಬೇಕು.

ಟಂಟಂ ಆಟೋದಲ್ಲಿ ಬಾದಾಮಿಗೆ ಮರಳಿ, ಸೈಕಲ್ ಹತ್ತಿ ಬನಶಂಕರಿಗೆ ಹೋದೆವು. ಗುಡಿಯ ಮುಂದಿನ ಹರಿದ್ರಾ ತೀರ್ಥದ ಬಳಿ ಬುಟ್ಟಿ ಇಟ್ಟುಕೊಂಡು ಕೂರುವ ಅಮ್ಮಂದಿರು ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ ಮತ್ತು ಕುಡಿಕೆಯಲ್ಲಿ ಗಟ್ಟಿ ಮೊಸರು ಬಡಿಸುತ್ತಾರೆ. ಮರುದಿನಕ್ಕೆಂದು ಕಡಕ್ ರೊಟ್ಟಿಗಳನ್ನೂ ಚಟ್ನಿಪುಡಿಯನ್ನೂ ಕಟ್ಟಿಸಿಕೊಂಡೆವು. ಸೈಕಲ್ ಪಯಣಕ್ಕೆಂದು ಪಟ್ಟಣದ ಅಂಗಡಿಗಳಲ್ಲಿ ಮಾರುವ ದುಬಾರಿ ಬಾರ್‌ಗಳನ್ನು ನಾನು ಬಳಸಿ ನೋಡಿದ್ದೇನೆ. ಬಿಸಿಲಿಗೆ ಕೆಡದ, ಹೊಟ್ಟೆಗೆ ಭಾರವಾಗದ, ಬಹು ಹೊತ್ತು ತ್ರಾಣ ಉಳಿಸುವ ಈ ರೊಟ್ಟಿಗೆ ಅವು ಸಾಟಿಯಲ್ಲ.

ಎರಡನೆಯ ದಿನದ ಸವಾರಿ ಒಟ್ಟು ಎಪ್ಪತ್ತು ಕಿಲೋಮೀಟರ್: ಬಾದಾಮಿಯಿಂದ ಪಟ್ಟದಕಲ್ಲಿಗೆ ಇಪ್ಪತ್ತೆರಡು, ಅಲ್ಲಿಂದ ಐಹೊಳೆಗೆ ಹದಿಮೂರು, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಚಳಿಗಾಲದಲ್ಲಿ ಇಲ್ಲಿ ಮೂಡಣ ಗಾಳಿ ಬೀಸುವುದರಿಂದ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ದೇಹ ಹುರುಪಾಗಿರುವ ಮುಂಜಾನೆಯಲ್ಲಿ ಕಷ್ಟದ ಭಾಗ ಮುಗಿಯಲಿ ಎಂದು ಆರೂಮುಕ್ಕಾಲಿಗೆ ಹೊರಟೆವು. ಶಿವಯೋಗಮಂದಿರ ದಾಟಿದ ಮೇಲೆ ಎಡಕ್ಕೆ ಕೆಂಪು ಗುಡ್ಡ, ಬಲಕ್ಕೆ ಕಪ್ಪು ಎರೆಹೊಲ. ಜೋಳ ಹಾಲುಗಟ್ಟಿತ್ತು, ಕಡಲೆ ಗಿಡಗಳಲ್ಲಿ ಕಾಯಿ ತುಂಬಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಬರುತ್ತವೆ. ಎರಡನೆಯ ಟ್ರೇಲರ್ ತಿರುವಿನಲ್ಲಿ ಒಳಕ್ಕೆ ಸರಿಯುವುದರಿಂದ, ಅವು ಹತ್ತಿರ ಬಂದಾಗ ರಸ್ತೆಯಿಂದ ಕೆಳಗಿಳಿದು ನಿಲ್ಲುವುದೇ ಕ್ಷೇಮ.

ಪಟ್ಟದಕಲ್ಲಿಗೆ ಇನ್ನು ಸ್ವಲ್ಪವೇ ದೂರವಿರುವಾಗ ನಾನು ತಪ್ಪು ಮಾಡಿದೆ. ಹೊಳೆಯ ದಂಡೆಯನ್ನೇ ಹಿಡಿದು ಹೋಗುವ ಆಸೆಯಿಂದ ಚಕ್ಕಡಿ ದಾರಿಯೊಂದಕ್ಕೆ ಸೈಕಲ್ ಇಳಿಸಿದೆ. ಹಿಂದಿನ ರಾತ್ರಿ ಪಕ್ಕದ ಹೊಲಕ್ಕೆ ನೀರು ಹಾಯಿಸಿದ್ದರು. ಐವತ್ತು ಮಾರು ಹೋಗುವಷ್ಟರಲ್ಲಿ ಎರೆಮಣ್ಣು ಟೈರಿಗೆ ಅಂಟಿ, ಅದರ ಮೇಲೆ ಹುಲ್ಲು ಅಂಟಿ, ಅದರ ಮೇಲೆ ಮತ್ತೆ ಮಣ್ಣು ಮೆತ್ತಿಕೊಂಡು, ಗಾಲಿ ಫೋರ್ಕಿಗೆ ಕಚ್ಚಿಕೊಂಡು ನಿಂತೇಬಿಟ್ಟಿತು. ನಾನು ಬಲವಂತವಾಗಿ ತಳ್ಳಿದೆ. ಅದು ಎರಡನೆಯ ತಪ್ಪು. ಹಸಿ ಎರೆಯಲ್ಲಿ ಸೈಕಲ್ಲನ್ನು ಉರುಳಿಸಬಾರದು, ಹೆಗಲ ಮೇಲೆ ಹೊತ್ತು ಒಣನೆಲಕ್ಕೆ ತರಬೇಕು, ಕಡ್ಡಿಯಿಂದ ಕೆರೆದು ತೆಗೆದ ಮೇಲೆಯೇ ಮುಂದುವರಿಯಬೇಕು. ಮಣ್ಣು ಕೆರೆಯುವಾಗ ಬಳ್ಳಾರಿ ಜಾಲಿಯ ಮೂರು ಮುಳ್ಳುಗಳೂ ಹೊರಬಂದವು, ಹಿಂದಿನ ಗಾಲಿ ಗಾಳಿ ಕಳೆದುಕೊಂಡಿತು.

ಹೊಸ ಟ್ಯೂಬ್ ಹಾಕಿದೆ, ಅರ್ಧ ಕಿಲೋಮೀಟರಿಗೆ ಅದೂ ಇಳಿಯಿತು. ಊರೊಳಗಿನ ಪಂಕ್ಚರ್ ಅಂಗಡಿಯ ಹುಡುಗ ಟೈರನ್ನು ಬಿಚ್ಚಿ, ಒಳಮೈಯ ಮೇಲೆ ಹತ್ತಿಯ ಉಂಡೆಯೊಂದನ್ನು ನಿಧಾನವಾಗಿ ಸುತ್ತಲೂ ಆಡಿಸಿದ. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ಕಣ್ಣಿಗೂ ಕಾಣದಂತೆ ಮುರಿದು ಉಳಿದಿದ್ದ ಮುಳ್ಳಿನ ಮೊನೆಯನ್ನು ಚಿಮಟದಿಂದ ಕಿತ್ತು ನನ್ನ ಅಂಗೈಯಲ್ಲಿ ಇಟ್ಟ. "ಮುಳ್ಳ ಒಳಗ ಬಿಟ್ಟು ಎಷ್ಟ ಟ್ಯೂಬ್ ಹಾಕಿದ್ರೂ ಅಷ್ಟರೀ ಸರ" ಎಂದ. ಹತ್ತು ವರ್ಷ ಸೈಕಲ್ ತುಳಿದರೂ ನನಗೆ ಹತ್ತಿಯ ಈ ಉಪಾಯ ತಿಳಿದಿರಲಿಲ್ಲ. ಈಗ ನನ್ನ ಚೀಲದಲ್ಲಿ ತೇಪೆ, ಸಲ್ಯೂಷನ್, ಎರಡು ಟ್ಯೂಬುಗಳ ಜೊತೆಗೆ ಒಂದು ಹಿಡಿ ಹತ್ತಿಯೂ ಚಿಮಟವೂ ಇರುತ್ತವೆ.

ಪಟ್ಟದಕಲ್ಲಿನಲ್ಲಿ ಈ ಸಲ ಗುಡಿಗಳಿಗಿಂತ ಮೊದಲು ಹೊಳೆಗೆ ಹೋದೆವು. ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತದೆ, ಉತ್ತರವಾಹಿನಿಯೆಂದೇ ಈ ಜಾಗಕ್ಕೆ ಪಾವಿತ್ರ್ಯ. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಆ ಹೊಳೆಗೇ ಮುಖಮಾಡಿದೆ. 2019ರ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ಗುಡಿಗಳ ಅಂಗಳಕ್ಕೆ ನುಗ್ಗಿತ್ತು. ದಂಡೆಗೂ ಅಂಗಳಕ್ಕೂ ನಡುವೆ ಇರುವ ಅಂತರವನ್ನು ಹೆಜ್ಜೆಯಿಂದ ಅಳೆದಾಗ ಅದು ಆಶ್ಚರ್ಯವೆನಿಸಲಿಲ್ಲ.

ಐಹೊಳೆಯನ್ನು ಮುಟ್ಟುವಾಗ ಹನ್ನೆರಡು ದಾಟಿತ್ತು. ಊಟ ಮುಗಿಸಿ, ಸೈಕಲ್‌ಗಳಿಗೆ ಬೀಗ ಹಾಕಿ ಮೇಗುತಿ ಗುಡ್ಡ ಹತ್ತಿದೆವು. ಎರಡನೆಯ ಪುಲಕೇಶಿಯನ್ನು ಹೊಗಳುವ, ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವನ್ನು ನೋಡಿ ಬಹುತೇಕ ಪ್ರವಾಸಿಗರು ಅಲ್ಲಿಂದಲೇ ಇಳಿಯುತ್ತಾರೆ. ನಾವು ಗುಡ್ಡದ ಮೇಲೆ ಇನ್ನೂ ಮುಂದಕ್ಕೆ ನಡೆದೆವು. ಕುರುಚಲು ಗಿಡಗಳ ನಡುವೆ ನಿಲ್ಲಿಸಿದ ಚಪ್ಪಡಿಗಳ ಮೇಲೆ ಚಪ್ಪಡಿ ಹೊದಿಸಿದ ಬೃಹತ್ ಶಿಲಾಯುಗದ ಸಮಾಧಿಗಳು ಅಲ್ಲಿವೆ. ಅವುಗಳ ಪಕ್ಕದಲ್ಲಿ ಕುಳಿತು, ಕೆಳಗೆ ಊರನ್ನೂ ಹೊಳೆಯ ಬಾಗನ್ನೂ ನೋಡುತ್ತ ಒಂದು ಗಂಟೆ ಕಳೆದೆವು. ರವಿಕೀರ್ತಿಗೆ ಎಷ್ಟೋ ಶತಮಾನಗಳ ಮುಂಚೆ, ಚಪ್ಪಡಿಯಾಗಿ ಬಿಡಿಸಿಕೊಳ್ಳುವ ಇದೇ ಕಲ್ಲನ್ನು ಯಾರೋ ಎಬ್ಬಿ ನಿಲ್ಲಿಸಿದ್ದರು.

ಬರುವಾಗ ಗಾಳಿ ನಿಜಕ್ಕೂ ಬೆನ್ನಿಗಿತ್ತು. ಸಂಜೆ ಹೊಲದಲ್ಲಿ ಸೀತನಿ, ಎಂದರೆ ಎಳೆಯ ಜೋಳದ ತೆನೆ, ಸುಡುತ್ತಿದ್ದವರು ಕೂಗಿ ಕರೆದು ಬಿಸಿ ಕಾಳನ್ನು ಬೊಗಸೆ ತುಂಬ ಸುರಿದರು, ಹಣದ ಮಾತೆತ್ತಿದಾಗ ಬೇಸರಪಟ್ಟುಕೊಂಡರು.

ಮೂರನೆಯ ಬೆಳಗು ಮತ್ತೆ ನಡಿಗೆ, ಈ ಸಲ ಅರಳಿ ತೀರ್ಥದ ದಾರಿಯಾಗಿ ಸಿಡಿಲಫಡಿಗೆ. ಸಿಡಿಲು ಬಡಿದು ಆಯಿತೆಂದು ಜನ ನಂಬುವ ಕಲ್ಲಿನ ಕಮಾನಿನ ಕೆಳಗೆ, ಪ್ರಾಗೈತಿಹಾಸಿಕ ಕಾಲದವರು ಬಿಡಿಸಿದ ಮಾಸಿದ ಚಿತ್ರಗಳಿವೆ. ಕಣ್ಣು ನೆರಳಿಗೆ ಹೊಂದಿಕೊಳ್ಳುವವರೆಗೂ ಅಲ್ಲಿ ಏನೂ ಕಾಣುವುದಿಲ್ಲ. ಐದು ನಿಮಿಷ ಸುಮ್ಮನೆ ನಿಂತ ಮೇಲೆ ಕೆಂಪು ಗೆರೆಗಳು ಒಂದೊಂದಾಗಿ ಮೂಡಿಬಂದವು. ಮಧ್ಯಾಹ್ನದ ಹೊತ್ತಿಗೆ ಇಳಿದು ಬಂದು, ಗಾಲಿಗಳಿಗೆ ಇನ್ನೂ ಅಂಟಿಕೊಂಡಿದ್ದ ಎರೆಮಣ್ಣನ್ನು ತೊಳೆದು, ಗೋಣಿತಾಟು ಸುತ್ತಿ ರೈಲಿಗೆ ಸಿದ್ಧಮಾಡಿದೆವು.