ಮಲೆನಾಡಿನ ಮಳೆಯಲ್ಲಿ ಡಿಶ್ ಇಂಟರ್ನೆಟ್, ಜೊತೆಗೆ ಟ್ರೇಡಿಂಗ್: ನನ್ನ ಅನುಭವ

ಮೂಡಿಗೆರೆ ಕಡೆ ತೋಟದಲ್ಲಿ ಕೂತು ವಿಸ್ಯಾಟ್ (ಉಪಗ್ರಹದಿಂದ ಇಂಟರ್ನೆಟ್ ತರುವ) ಡಿಶ್ ನಂಬಿ ನಿಫ್ಟಿ ಆಪ್ಷನ್ (ಷೇರು ಸೂಚ್ಯಂಕದ ಮೇಲಿನ ಒಪ್ಪಂದ) ಟ್ರೇಡಿಂಗ್ ಮಾಡುತ್ತೇನೆ ಅಂದಾಗ ಗೆಳೆಯರೆಲ್ಲ ನಕ್ಕರು. "ಪಿಂಗ್ 600 ದಾಟುತ್ತೆ ಮಾರಾಯ, ದುಡ್ಡು ಕಳ್ಕೋತೀಯ" ಅಂದರು. ಹೋದ ಮಳೆಗಾಲ ಪೂರ್ತಿ ಲಾಭದಲ್ಲೇ ಮುಗಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಪಿಂಗ್ ಅಂದರೆ ಸಂದೇಶ ಹೋಗಿ ಉತ್ತರ ಬರುವ ಸಮಯ, ಮಿಲಿಸೆಕೆಂಡ್ ಲೆಕ್ಕದಲ್ಲಿ. ಆ ವಿಷಯ ನಿಜ. ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಆರ್ಡರ್ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಬೇಕೇ ಬೇಕು. ನನಗೆ 650 ಆಸುಪಾಸು ಸಿಗುತ್ತದೆ. ಸ್ಕಾಲ್ಪಿಂಗ್ (ಸೆಕೆಂಡುಗಳಲ್ಲಿ ಕೊಂಡು ಮಾರುವುದು) ಆಗಲ್ಲ, ಬಿಡಿ. 15 ನಿಮಿಷದ ಚಾರ್ಟ್ ನೋಡಿ ಲಿಮಿಟ್ ಆರ್ಡರ್ (ಇಂಥ ಬೆಲೆಗೇ ಬೇಕು ಅನ್ನುವ ಆರ್ಡರ್) ಹಾಕುವವನಿಗೆ ಅದೇನು ಮಹಾ? 1994ರಲ್ಲಿ ಶುರುವಾದ ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಊರೂರಿಗೆ ತಲುಪಿದ್ದೇ ವಿಸ್ಯಾಟ್ ಮೇಲೆ.

ಕಾಟ ಕೊಟ್ಟಿದ್ದು ಮಳೆ. ಜುಲೈನಲ್ಲಿ ಜೋರಾಗಿ ಹೊಡೆದರೆ ಹತ್ತು, ಹದಿನೈದು ನಿಮಿಷ ಕೆಯು ಬ್ಯಾಂಡ್ (ಡಿಶ್ ಬಳಸುವ, ಮಳೆಗೆ ಸೊರಗುವ ತರಂಗಾಂತರ) ಸಿಗ್ನಲ್ ನಾಪತ್ತೆ. ಎಂಟ್ರಿ ಆಗಿರುತ್ತದೆ, ಸ್ಟಾಪ್‌ಲಾಸ್ (ನಷ್ಟ ಮಿತಿ ಮುಟ್ಟಿದರೆ ತಾನೇ ವಹಿವಾಟು ಮುಗಿಸುವ ಆರ್ಡರ್) ಹಾಕುವಷ್ಟರಲ್ಲಿ ಲೈನ್ ಇಲ್ಲ. ಮೊದಲ ಮಳೆಗಾಲಕ್ಕೆ ಹೀಗೇ 40 ಸಾವಿರದಷ್ಟು ಹೋಯಿತು. ಡಿಶ್, ಮೋಡೆಮ್ ಅಂತ ಸುರಿದ 70 ಸಾವಿರ ಬೇರೆ.

ಡಿಶ್ ಮೇಲೆ ಟಾರ್ಪಾಲ್ ಕಟ್ಟಿ ನೋಡಿದೆ. ಒದ್ದೆ ಟಾರ್ಪಾಲ್ ಸಿಗ್ನಲ್ಲನ್ನು ಇನ್ನೂ ಕೆಡಿಸಿತು. ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗದ (ಫೀಡ್) ಮುಚ್ಚಳಕ್ಕೆ ಕಾರಿನ ವ್ಯಾಕ್ಸ್ ತಿಕ್ಕಿದೆ. ನೀರು ನಿಲ್ಲದೆ ಜಾರುತ್ತದೆ, ಸ್ವಲ್ಪ ಪರವಾಗಿಲ್ಲ. 1.2 ಮೀಟರ್ ಡಿಶ್‌ಗೆ ಬದಲಾಯಿಸಿದ ಮೇಲೆ ಸಾಧಾರಣ ಮಳೆಗೆ ಲೈನ್ ಬೀಳುವುದು ನಿಂತಿತು. ಜಡಿಮಳೆಗೆ ಈಗಲೂ ಬೀಳುತ್ತದೆ.

ಕೆಲಸಕ್ಕೆ ಬಂದಿದ್ದು ಮುಂಬೈನ ಬಾಡಿಗೆ ಸರ್ವರ್. ತಿಂಗಳಿಗೆ 900 ರೂಪಾಯಿ ಚಿಲ್ಲರೆ. ಬ್ರೋಕರ್ ಲಾಗಿನ್ ಅಲ್ಲೇ ಇರುತ್ತದೆ. ಎಂಟ್ರಿ ಆದ ಕೂಡಲೇ ಅಲ್ಲಿನ ಸ್ಕ್ರಿಪ್ಟ್ ಸ್ಟಾಪ್‌ಲಾಸ್ ಹಾಕಿಬಿಡುತ್ತದೆ. ಆಮೇಲೆ ನನ್ನ ಲೈನ್ ಇದ್ದರೆಷ್ಟು, ಬಿಟ್ಟರೆಷ್ಟು! ಡಿಶ್ ಬಿದ್ದರೆ ರೂಟರ್ ತಾನೇ 4ಜಿಗೆ ಹೋಗುತ್ತದೆ. ಅದಕ್ಕೆ ಮಾಡಿನ ಮೇಲೆ ಯಾಗಿ ಆಂಟೆನಾ (ಟವರ್ ಕಡೆ ತಿರುಗಿಸಿಡುವ ಕಡ್ಡಿ ಆಂಟೆನಾ) ಇದೆ. ಬರೀ 4ಜಿ ಸಾಲದಾ ಅಂತ ಕೇಳಬಹುದು. ಕರೆಂಟು ಹೋಗಿ ಮೂರ್ನಾಲ್ಕು ಗಂಟೆ ಆದರೆ ನಮ್ಮ ಕಡೆ ಟವರೂ ಮಲಗುತ್ತದೆ. ಡಿಶ್‌ಗೆ ನನ್ನದೇ ಇನ್ವರ್ಟರ್ ಇದೆಯಲ್ಲ. ಎಷ್ಟು ಪ್ಯಾಕೆಟ್ (ಡೇಟಾ ತುಣುಕು) ಕಳೆದ ಮೇಲೆ ರೂಟರ್ ಲೈನ್ ಬದಲಿಸಬೇಕು ಅನ್ನೋ ಲೆಕ್ಕ ಮಾತ್ರ ನಾನು ಹೇಳಲ್ಲ. ಅದಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ.

ಇನ್ನೊಂದು ವಿಷಯ. ಮಾರ್ಚ್ ಮಧ್ಯ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಕೆಲವು ದಿನ ಸೂರ್ಯ ಉಪಗ್ರಹದ ನೇರ ಹಿಂದೆ ಬರುತ್ತಾನೆ. ಬಿರುಬಿಸಿಲಲ್ಲೇ, ಮಾರುಕಟ್ಟೆ ನಡೆಯುವಾಗಲೇ ಕೆಲವು ನಿಮಿಷ ಲಿಂಕ್ ಸತ್ತಿರುತ್ತದೆ. ಮೋಡೆಮ್ ಕೆಟ್ಟಿದೆ ಅಂತ ಮೆಕ್ಯಾನಿಕ್ ಕರೆಸಬೇಡಿ. ಹಿಂದೆ ಇದಕ್ಕಾಗಿ ಎಕ್ಸ್‌ಚೇಂಜ್‌ಗಳೇ ಮಧ್ಯಾಹ್ನ ವಹಿವಾಟು ನಿಲ್ಲಿಸುತ್ತಿದ್ದವು.

ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ 1980ರ ದಶಕದಿಂದ ಇಸ್ರೋದವರು ಉಪಗ್ರಹ ನಡೆಸುತ್ತಿದ್ದಾರೆ. ಪಕ್ಕದ ಜಿಲ್ಲೆಯ ನಮಗೆ ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ! ನಕ್ಕವರೇ ಈಗ ಮಧ್ಯಾಹ್ನದ ಮೇಲೆ ಲಂಡನ್ ರೊಬಸ್ಟಾ ಕಾಫಿ ರೇಟ್ ನೋಡೋಕೆ ನಮ್ಮ ಮನೆಗೆ ಬರುತ್ತಾರೆ. ತಿಂಗಳ ಬಿಲ್ಲು ಐದು ಸಾವಿರದ ಹತ್ತಿರ. ಪಾಲು ಕೊಡ್ತೀನಿ ಅಂದವರು ಇನ್ನೂ ಯಾರೂ ಇಲ್ಲ.