ನಾನು ಬರೆಯದಿದ್ದರೆ ಕಾನೂನು ಬರೆದದ್ದೇ ಗತಿ

ವಿಲ್ ಬರೆಸುತ್ತೇನೆ ಅಂದ ದಿನ ನನ್ನ ತಂಗಿ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು, "ಬಿಡ್ತು ಅನ್ನು" ಅಂದಳು.

ನನಗೆ 67. ಶಿವಮೊಗ್ಗದಲ್ಲಿ 31 ವರ್ಷ ಹೈಸ್ಕೂಲು ಟೀಚರಾಗಿದ್ದು ನಿವೃತ್ತಳಾದವಳು. ಮಕ್ಕಳಿಲ್ಲ. ಯಜಮಾನರು ತೀರಿಕೊಂಡು 9 ವರ್ಷವಾಯಿತು. ತಂಗಿಯ ಮಗಳು ಪಿಯುಸಿಯಿಂದ ನಮ್ಮಲ್ಲೇ ಇದ್ದು ಓದಿದಳು. ನನ್ನ ಬಿಪಿ ಮಾತ್ರೆ ಯಾವತ್ತು ಮುಗಿಯುತ್ತದೆ ಅನ್ನುವುದು ಈಗಲೂ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಮನೆ ಹೇಗೂ ಅವಳಿಗೇ, ಅದರಲ್ಲಿ ಬರೆಯುವುದೇನಿದೆ ಅಂತಿದ್ದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಕೀಲ. ಬೇರೇನೋ ಕಾಗದಕ್ಕೆ ಹೋದಾಗ ಮಾತು ಬಂತು. "ಮೇಡಂ, ನೀವು ಏನೂ ಬರೆಯದೆ ಹೋದರೆ ಮನೆ ನಿಮ್ಮ ಮೈದುನ, ನಾದಿನಿಯರಿಗೆ ಹೋಗುತ್ತೆ" ಅಂದ. ತಮಾಷೆ ಅಂದುಕೊಂಡೆ. ಅವನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ತೆಗೆದು ಓದಿಸಿದ. ಮಕ್ಕಳೂ ಗಂಡನೂ ಇಲ್ಲದ ಹೆಂಗಸು ವಿಲ್ ಬರೆಯದೆ ತೀರಿಕೊಂಡರೆ ಅವಳ ಸ್ವಂತ ದುಡಿಮೆಯ ಆಸ್ತಿ ಮೊದಲು ಗಂಡನ ವಾರಸುದಾರರಿಗೆ. ಅವಳ ಹೆತ್ತವರ ಸರದಿ ಅದಾದ ಮೇಲೆ. ಮದುವೆಯಾದ ಕೆಲವೇ ತಿಂಗಳಿಗೆ ವಿಧವೆಯಾಗಿ, ಗಂಡನ ಮನೆಯಿಂದ ಹೊರಬಿದ್ದು, ತವರಿನಲ್ಲಿ ಓದಿ, ಕೆಲಸ ಹಿಡಿದು ಗಳಿಸಿದ ಒಬ್ಬಾಕೆಯ ಹಣವೂ ಹೀಗೇ ಗಂಡನ ಕಡೆಯವರಿಗೆ ಸೇರಬೇಕೆಂದು ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪು ಕೊಟ್ಟಿದೆಯಂತೆ. ನನ್ನ ಮೈದುನ ಕೆಟ್ಟವನಲ್ಲ, ಅದು ಬೇರೆ ಮಾತು. ಆದರೆ ಆ ಮನೆಯ ಸೈಟಿಗೆ ಪಿಎಫ್ ಸಾಲ ತೆಗೆದವಳು ನಾನು.

ತಮಾಷೆಯೆಂದರೆ, ತೀರ್ಥಹಳ್ಳಿ ಕಡೆ ಅಪ್ಪನಿಂದ ನನ್ನ ಪಾಲಿಗೆ ಬಂದ 20 ಗುಂಟೆ ಅಡಿಕೆ ತೋಟಕ್ಕೆ ನಿಯಮ ಉಲ್ಟಾ. ಅದು ಅಪ್ಪನ ವಾರಸುದಾರರಿಗೇ ವಾಪಸು. ಅಪ್ಪ ಕೊಟ್ಟದ್ದು ತವರಿಗೆ, ನಾನೇ ದುಡಿದದ್ದು ಗಂಡನ ಕಡೆಗೆ! ಅಂದರೆ ನನ್ನ ಪರವಾಗಿ ಒಂದು ವಿಲ್ ಆಗಲೇ ಬರೆದಿಟ್ಟಾಗಿದೆ, ನನ್ನನ್ನು ಕೇಳಿಲ್ಲ ಅಷ್ಟೆ.

ಬರೆಯುವುದು ಒಂದು ಮಧ್ಯಾಹ್ನದ ಕೆಲಸ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ತಿಂಗಳುಗಟ್ಟಲೆ ತಿಂದದ್ದು ದಾಖಲೆಗಳು. ಪಹಣಿಯಲ್ಲಿ ಅಪ್ಪನ ಇನಿಷಿಯಲ್ ಇರುವ ಹೆಸರು, ಆಧಾರ್‌ನಲ್ಲಿ ಯಜಮಾನರ ಹೆಸರು ಸೇರಿಸಿದ್ದು, ಮನೆ ಖಾತೆಯಲ್ಲಿ ಒಂದು ಅಕ್ಷರವೇ ಬೇರೆ. ಮೂವರೂ ನಾನೇ ಅಂತ ಅಫಿಡವಿಟ್ ಮಾಡಿಸಿ, ವಿಲ್‌ನಲ್ಲೂ 'ಉರುಫ್' ಹಾಕಿ ಎಲ್ಲ ಹೆಸರೂ ಬರೆಸಿದೆ. ಬ್ಯಾಂಕಿಗೆ ಹೋದರೆ ನನ್ನ ಎಫ್‌ಡಿಗಳಿಗೆ ನಾಮಿನಿ ಇನ್ನೂ ಯಜಮಾನರೇ. ಪ್ರತಿ ವರ್ಷ ನವೀಕರಿಸುವಾಗ ಆ ಸಾಲು ಕಣ್ಣಿಗೆ ಬಿದ್ದೇ ಇರಲಿಲ್ಲ. 2025ರ ನವೆಂಬರ್ 1ರಿಂದ ನಾಲ್ವರ ತನಕ ನಾಮಿನಿ ಹಾಕಬಹುದು, ನಾನು ತಂಗಿಯ ಮಗಳೊಬ್ಬಳನ್ನೇ ಹಾಕಿದೆ. ಠೇವಣಿಯ ನಾಮಿನಿ ದುಡ್ಡು ಈಸಿಕೊಳ್ಳುವವನು ಮಾತ್ರ, ಒಡೆಯನಲ್ಲ. ಹಾಗಾಗಿ ವಿಲ್‌ನಲ್ಲೂ ಅದನ್ನೇ ಬರೆಸಿದೆ.

"ದಾನಪತ್ರ ಮಾಡಿಬಿಡಿ, ಒಂದೇ ಸಲ ಮುಗಿಯುತ್ತೆ" ಅಂದವರಿದ್ದರು. ನಾನು ಒಪ್ಪಲಿಲ್ಲ. ದಾನ ಕೊಟ್ಟ ಮನೆಯಲ್ಲಿ ನಾನು ಅತಿಥಿ. ನೋಡಿಕೊಳ್ಳದಿದ್ದರೆ ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ 23ನೇ ಕಲಂ ಇದೆ, ಸರಿ. ಆದರೆ ಪೋಷಣೆಯ ಷರತ್ತು ಪತ್ರದಲ್ಲಿ ಸ್ಪಷ್ಟವಾಗಿರಬೇಕು, ಆಮೇಲೆ ಉಪವಿಭಾಗಾಧಿಕಾರಿಗಳ ಮುಂದೆ ನಿಂತು ಸಾಕಿದ ಮಗುವಿನ ಮೇಲೆ ದೂರು ಹೇಳಬೇಕು. ವಿಲ್ ಆದರೆ ನಾನಿರುವ ತನಕ ಮನೆ ನನ್ನದು, ಬೇಕಾದಾಗ ಬದಲಿಸಬಹುದು, ಕೊನೆಯದೇ ಊರ್ಜಿತ.

ಸಾಕ್ಷಿಗೆ ಪಕ್ಕದ ಮನೆಯಾಕೆಯನ್ನು ಕರೆದಿದ್ದೆ. ವಕೀಲ ಹುಡುಗ ನಕ್ಕ. ಆಕೆಗೆ ನನಗಿಂತ ನಾಲ್ಕು ವರ್ಷ ಹೆಚ್ಚು. ನಾಳೆ ತಕರಾರು ಬಂದರೆ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು 'ಇವರು ಸಹಿ ಹಾಕಿದ್ದು ನೋಡಿದೆ' ಅನ್ನಬೇಕು. ಕೊನೆಗೆ ಬಂದವರು ಮೆಡಿಕಲ್ ಶಾಪಿನ ಹುಡುಗ ಮತ್ತು ನಮ್ಮ ಶಾಲೆಯ ಹೊಸ ಗಣಿತ ಟೀಚರ್. ಇಬ್ಬರಿಗೂ ನನ್ನಿಂದ ಮೂರು ಕಾಸಿನ ಲಾಭವಿಲ್ಲ. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸಿದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವಾಗ ಮೂವತ್ತು ವರ್ಷ ಚಾಕ್ ಹಿಡಿದ ಬೆರಳು ಯಂತ್ರಕ್ಕೆ ಹಿಡಿಯಲೇ ಇಲ್ಲ, ಒರೆಸಿ ಒರೆಸಿ ನಾಲ್ಕನೇ ಸಲಕ್ಕೆ ಬಂತು.

ಒಡವೆಯಲ್ಲಿ ಎಡವಿದ್ದೆ. ಮೊದಲ ಕರಡಿನಲ್ಲಿ 'ನಾಲ್ಕು ಬಳೆ, ಎರಡೆಳೆ ಸರ' ಅಂತ ಗ್ರಾಂ ಸಮೇತ ಬರೆದಿದ್ದೆ. ಅದು ಟೈಪಾಗುವಷ್ಟರಲ್ಲಿ ಕಣ್ಣಿನ ಆಪರೇಶನ್‌ಗೆ ಎರಡು ಬಳೆ ಮಾರಿಯಾಗಿತ್ತು. ಈಗ ಆ ಪಟ್ಟಿ ತೆಗೆದು, 'ಇಲ್ಲಿ ಹೆಸರಿಸದೆ ಉಳಿದೆಲ್ಲ ಚರಾಸ್ತಿ' ಅನ್ನುವ ಒಂದು ಸಾಲು ಸೇರಿಸಿದೆ.

ಇನ್ನೊಂದು ಕಾಗದವಿದೆ. ಯಜಮಾನರು 11 ದಿನ ವೆಂಟಿಲೇಟರ್ ಮೇಲಿದ್ದರು. ಪ್ರತಿ ಬೆಳಿಗ್ಗೆ ಡಾಕ್ಟರು "ಏನು ಮಾಡೋಣ?" ಅಂತ ನನ್ನನ್ನು ಕೇಳುತ್ತಿದ್ದರು. ಅವರಿಗೆ ಏನು ಬೇಕಿತ್ತು ಅಂತ 30 ವರ್ಷ ಜೊತೆಗಿದ್ದವಳಿಗೂ ಗೊತ್ತಿರಲಿಲ್ಲ. ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟದ್ದು 2018ರಲ್ಲಿ. 2023ರಲ್ಲಿ ಮ್ಯಾಜಿಸ್ಟ್ರೇಟರ ಸಹಿಯ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು ಅಂತಾಯಿತು. ಅದೇ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಮಾಡಿಸಿ, ಒಂದು ಪ್ರತಿ ನಮ್ಮ ಡಾಕ್ಟರಿಗೆ ಕೊಟ್ಟೆ.

ಯುಗಾದಿಗೆ ಬಂದಾಗ ಹುಡುಗಿಗೆ ಬೀರುವಿನ ಕವರು ತೋರಿಸಿದೆ. ತೆರೆಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡಮ್ಮ, ಬಚ್ಚಲ ಮನೆಯ ತಾಮ್ರದ ಹಂಡೆ ಯಾರಿಗೆ?" ಅಂದಳು. ಹಂಡೆ ನೆನಪಿಗೇ ಬಂದಿರಲಿಲ್ಲ. 'ಉಳಿದೆಲ್ಲ'ದಲ್ಲಿ ಬರುತ್ತೆ, ನಿನಗೇ ಅಂದೆ. ತಂಗಿ ಅಡುಗೆ ಮನೆಯಿಂದಲೇ, "ಅದು ನಮ್ಮಮ್ಮನದು ಕಣೇ, ನನಗೆ ಬೇಕು" ಅಂದಳು.