ಕಲ್ಲು ಕ್ವಾರಿ ವಿಸ್ತರಣೆ: ವರದಿಯಲ್ಲಿ ಧೂಳು ಮತ್ತು ಸದ್ದಿನ ಲೆಕ್ಕವನ್ನು ಪರಿಶೀಲಿಸುವ ಬಗೆ

ಊರ ಪಕ್ಕದ ಕಲ್ಲು ಕ್ವಾರಿಯ ವಿಸ್ತರಣೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯು ಸಾರ್ವಜನಿಕ ಆಲಿಕೆ ಸಭೆಯ ದಿನಾಂಕ ಪ್ರಕಟಿಸಿದರೆ, ಕರಡು ಪರಿಸರ ಪರಿಣಾಮ ವರದಿಯನ್ನು ಓದಲು ಕನಿಷ್ಠ 30 ದಿನಗಳ ಅವಕಾಶವಿರುತ್ತದೆ. ಪ್ರತಿಯು ಜಿಲ್ಲಾಧಿಕಾರಿ ಕಚೇರಿಯಲ್ಲೂ ಜಿಲ್ಲಾ ಪಂಚಾಯಿತಿಯಲ್ಲೂ ನೋಡಲು ಸಿಗುತ್ತದೆ. ಕನ್ನಡದ ಸಾರಾಂಶವನ್ನು ಓದಿ ಅಲ್ಲಿಗೇ ನಿಲ್ಲಿಸದೆ, ಅಳತೆಯ ಕೋಷ್ಟಕಗಳನ್ನು ತೆರೆಯಬೇಕು.

ವಿಸ್ತರಣೆಯ ಪ್ರಕರಣದಲ್ಲಿ ಮುಖ್ಯ ತೊಡಕೆಂದರೆ, 'ಈಗಿನ ಗಾಳಿ' ಎಂದು ಅಳೆದಿರುವುದರಲ್ಲಿ ಈಗಾಗಲೇ ನಡೆಯುತ್ತಿರುವ ಕ್ವಾರಿಯ ಧೂಳೂ ಸೇರಿರುತ್ತದೆ. ಪಿಎಂ 10, ಅಂದರೆ 10 ಮೈಕ್ರಾನ್‌ವರೆಗಿನ ಸೂಕ್ಷ್ಮ ಧೂಳಿನ ಕಣಗಳಿಗೆ 24 ಗಂಟೆಯ ಮಿತಿ ಘನಮೀಟರ್‌ಗೆ 100 ಮೈಕ್ರೋಗ್ರಾಂ, ಇನ್ನೂ ಸಣ್ಣದಾದ ಪಿಎಂ 2.5ಕ್ಕೆ 60. ಪಿಎಂ 10 ಈಗ 78 ಇದೆ, ವಿಸ್ತರಣೆಯಿಂದ 9 ಹೆಚ್ಚಾಗುತ್ತದೆ, ಒಟ್ಟು 87 ಎಂದು ವರದಿ ಹೇಳಿದರೆ ಲೆಕ್ಕ ಮಿತಿಯೊಳಗೇ ಕಾಣುತ್ತದೆ. ಆದರೆ ಅಳತೆಯ ದಿನಗಳಲ್ಲಿ ಕ್ರಷರ್ ನಿಂತಿದ್ದರೆ ಆ 78 ಎಂಬುದಕ್ಕೆ ಅರ್ಥವೇ ಇಲ್ಲ. ಆದ್ದರಿಂದ ಅಳತೆಯ ದಿನಾಂಕಗಳನ್ನು ಬರೆದುಕೊಂಡು, ಅದೇ ದಿನಗಳ ಖನಿಜ ಸಾಗಣೆ ಪರವಾನಗಿಗಳ ವಿವರವನ್ನು ಕೇಳಿರಿ. ಎಷ್ಟು ಲೋಡ್ ಹೊರಗೆ ಹೋಗಿದೆಯೆಂಬುದು ಅದರಲ್ಲಿ ಗೊತ್ತಾಗುತ್ತದೆ.

ಎರಡನೆಯದು ಗಾಳಿಯ ದಿಕ್ಕು. ಅಳತೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನಲ್ಲಿ ನಡೆಯುತ್ತದೆ. ಒಳನಾಡು ಕರ್ನಾಟಕದಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುವುದರಿಂದ, ಕ್ವಾರಿಯ ಪೂರ್ವಕ್ಕಿರುವ ಊರಿನ ಧೂಳು ಅಳೆಯುವ ಯಂತ್ರಕ್ಕೆ ಆಗ ಕ್ವಾರಿಯ ಧೂಳು ಅಷ್ಟಾಗಿ ಬೀಳುವುದಿಲ್ಲ. ಮುಂದೆ ಪಡುವಣ ಗಾಳಿ ಎದ್ದಾಗ ಧೂಳು ಬರುವುದು ಅದೇ ಊರಿಗೆ. ವರದಿಯ ಗಾಳಿ ನಕ್ಷೆಯನ್ನೂ ಅಳತೆ ಕೇಂದ್ರಗಳ ನಕ್ಷೆಯನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಇದು ಐದು ನಿಮಿಷದಲ್ಲಿ ತಿಳಿಯುತ್ತದೆ. ಯಂತ್ರ ಎಷ್ಟು ಗಂಟೆ ಓಡಿತೆಂಬುದನ್ನೂ ನೋಡಿರಿ, ಏಕೆಂದರೆ ನಮ್ಮ ಹಳ್ಳಿಗಳಲ್ಲಿ ಕರೆಂಟ್ ಹೋದರೆ ಯಂತ್ರವೂ ನಿಲ್ಲುತ್ತದೆ. 500 ಮೀಟರ್‌ ಒಳಗಿನ ಬೇರೆ ಕ್ವಾರಿಗಳನ್ನು ಒಂದೇ ಗುಚ್ಛವಾಗಿ ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂಬುದನ್ನೂ ಗಮನಿಸಬೇಕು.

ಟಿಪ್ಪರ್‌ಗಳ ಲೆಕ್ಕವನ್ನು ನೀವೇ ಮಾಡಬಹುದು. ವರ್ಷಕ್ಕೆ 3 ಲಕ್ಷ ಟನ್, 300 ಕೆಲಸದ ದಿನ ಎಂದರೆ ದಿನಕ್ಕೆ 1,000 ಟನ್. 20 ಟನ್ನಿನ ಟಿಪ್ಪರ್‌ಗೆ 50 ಲೋಡ್, ಹೋಗಿ ಬರುವುದು ಸೇರಿ 100 ಓಡಾಟ. ಹತ್ತು ಗಂಟೆಯ ಕೆಲಸದಲ್ಲಿ ಶಾಲೆಯ ಮುಂದೆ ಆರು ನಿಮಿಷಕ್ಕೊಂದು ಟಿಪ್ಪರ್ ಹಾದುಹೋಗುತ್ತದೆ. ಕ್ವಾರಿಯೊಳಗಿನ ಧೂಳನ್ನಷ್ಟೇ ಎಣಿಸಿ, ಮಣ್ಣು ರಸ್ತೆಯ ಧೂಳನ್ನು ಕೈಬಿಟ್ಟ ವರದಿಯನ್ನು ಒಪ್ಪಬೇಕಾಗಿಲ್ಲ.

ಸದ್ದಿಗೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದೆ. ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಅಂದರೆ ನಸುಕಿನ 5ಕ್ಕೆ ಶುರುವಾಗುವ ಕ್ರಷರ್‌ಗೆ ರಾತ್ರಿಯ ಮಿತಿಯೇ ಅನ್ವಯಿಸುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಒಂದು ಯಂತ್ರದ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 10 ಮೀಟರ್‌ನಲ್ಲಿ 90 ಇರುವ ಯಂತ್ರ 500 ಮೀಟರ್ ಆಚೆಯ ಮನೆಗೆ ಸುಮಾರು 56 ಆಗಿ ಕೇಳಿಸುತ್ತದೆ. ಅಂಥದ್ದೇ ಇನ್ನೊಂದು ಯಂತ್ರ ಬಂದರೆ ಅದು 59 ಆಗುತ್ತದೆಯೇ ಹೊರತು 112 ಅಲ್ಲ. ನಡುವೆ ಗುಡ್ಡವಿದ್ದರೆ ಸದ್ದು ತಗ್ಗುತ್ತದೆ, ಆದರೆ ವಿಸ್ತರಣೆಯಲ್ಲಿ ಆ ಗುಡ್ಡವನ್ನೇ ಕಡಿಯುವ ಯೋಜನೆಯಿದೆಯೇ ಎಂದು ಗಣಿ ನಕ್ಷೆಯಲ್ಲಿ ನೋಡಲೇಬೇಕು. ಸಿಡಿಮದ್ದಿನ ಸದ್ದು ಇಡೀ ದಿನದ ಸರಾಸರಿಯಲ್ಲಿ ಕರಗಿಹೋಗುವುದರಿಂದ, ಅದರ ಸದ್ದನ್ನೂ ನೆಲದ ಕಂಪನವನ್ನೂ ಪ್ರತ್ಯೇಕವಾಗಿ ಅಳೆದ ದಾಖಲೆ ಕೇಳಿರಿ.

ಕಂಡುಬಂದ ಲೋಪಗಳನ್ನು ವರದಿಯ ಪುಟಸಂಖ್ಯೆಯೊಂದಿಗೆ ಬರೆದು ಸಭೆಗೆ ಮುನ್ನವೇ ಮಂಡಳಿಗೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ. 'ಧೂಳು ಜಾಸ್ತಿ' ಎಂದಷ್ಟೇ ಬರೆಯುವ ಬದಲು, ಕ್ರಷರ್ ಪೂರ್ಣ ಪ್ರಮಾಣದಲ್ಲಿ ಓಡುವ ದಿನಗಳಲ್ಲಿ, ಗಾಳಿ ಊರಿನತ್ತ ಬೀಸುವ ತಿಂಗಳಲ್ಲಿ ಮತ್ತೆ ಅಳೆಯಬೇಕೆಂದು ಕೇಳಿರಿ.